ಬೇಡಿಕೆ ಪಟ್ಟಿಯಿಂದ ಯೋಜನೆಯವರೆಗೆ: ಇಂಡೋನೇಷ್ಯಾದ ಗ್ರಾಮಗಳ ಅನುಭವ

(ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯ ತಯಾರಿಕೆಗೆ ಪೂರ್ವಭಾವಿಯಾಗಿ ಏರ್ಪಡಿಸಲಾಗಿದ್ದ ಜಿಲ್ಲಾ ಮಟ್ಟದ ಕಾರ್ಯಾಗಾರದಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ. ಜಿಲ್ಲೆಯ ಎಲ್ಲಾ ಗ್ರಾಮ ಪಂಚಾಯತ್‌ಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಈ ಕಾರ್ಯಾಗಾರದಲ್ಲಿ ನನಗೆ ವಹಿಸಲಾಗಿರುವ ವಿಷಯ ‘ಹೊರದೇಶಗಳಲ್ಲಿ ಸ್ಥಳೀಯ ಯೋಜನೆ ಹಾಗೂ ಸ್ಥಳೀಯ ಆರ್ಥಿಕ ಅಭಿವೃದ್ಧಿ’. ಹೊರದೇಶವೆಂದೊಡನೆ ಜಪಾನು, ಜರ್ಮನಿ, ಸಿಂಗಪುರಗಳ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವ ರೂಢಿಯಿದೆ. ಆ ಚಿತ್ರಗಳನ್ನು ನೋಡಿ ನಾವು ಬೆರಗಾಗುತ್ತೇವೆ, ಊಟದ ವಿರಾಮದಲ್ಲಿ ಮರೆಯುತ್ತೇವೆ. ಅಲ್ಲಿನ ಒಂದು ಪುರಸಭೆಯ ಆದಾಯಕ್ಕೂ ನಮ್ಮ ಪಂಚಾಯತಿಯ ಕರ ವಸೂಲಿಗೂ ಹೋಲಿಕೆಯೇ ಇಲ್ಲದಿರುವಾಗ ಕಲಿಯುವುದಾದರೂ ಏನನ್ನು? ಆದ್ದರಿಂದ ನಮ್ಮಂತೆಯೇ ವಸಾಹತು ಆಳ್ವಿಕೆಯಿಂದ ಹೊರಬಂದ, ನಮ್ಮಂತೆಯೇ ಭತ್ತ ಬೆಳೆಯುವ, ನಮ್ಮಂತೆಯೇ ಹಳ್ಳಿ ಹಳ್ಳಿಗೂ ಸಭೆ ನಡೆಸಿ ನಡಾವಳಿ ಬರೆಯುವ ಒಂದು ದೇಶವನ್ನು ಆರಿಸಿಕೊಂಡಿದ್ದೇನೆ. ಅದು ಇಂಡೋನೇಷ್ಯಾ. 17,000ಕ್ಕೂ ಹೆಚ್ಚು ದ್ವೀಪಗಳ ಆ ದೇಶದ ಜನಸಂಖ್ಯೆ 2020ರ ಜನಗಣತಿಯಂತೆ ಸುಮಾರು 27 ಕೋಟಿ. ಅಲ್ಲಿ ಸುಮಾರು 75,000 ಗ್ರಾಮ ಸರ್ಕಾರಗಳಿವೆ.

ಅಲ್ಲಿನ ಆಡಳಿತದ ಪದಗಳೂ ನಮಗೆ ತೀರಾ ಅಪರಿಚಿತವಲ್ಲ. ಗ್ರಾಮಕ್ಕೆ ಅವರು ‘ದೇಸಾ’ ಎನ್ನುತ್ತಾರೆ. ಅದು ನಮ್ಮ ‘ದೇಶ’ವೇ. ಜಿಲ್ಲೆಗೆ ‘ಕಬುಪಾತೆನ್’ ಎಂದು ಹೆಸರು. ಅದರ ಚುನಾಯಿತ ಮುಖ್ಯಸ್ಥ ‘ಬುಪಾತಿ’, ಅಂದರೆ ಭೂಪತಿ. ಹಣ ಕಾಯುವವನು ‘ಬೆಂದಹಾರ’. ಅದರೊಳಗೆ ನಮ್ಮ ‘ಭಂಡಾರ’ ಅಡಗಿದೆ. ಗ್ರಾಮಗಳಿಗೆ ಕೇಂದ್ರ ಸರ್ಕಾರ ನೀಡುವ ಅನುದಾನದ ಹೆಸರು ‘ದಾನಾ ದೇಸಾ’. ಜಾವಾದ ಅನೇಕ ಗ್ರಾಮಗಳಲ್ಲಿ ಗ್ರಾಮಾಧಿಕಾರಿಗಳಿಗೆ ಸಂಬಳಕ್ಕೆ ಬದಲಾಗಿ ‘ಬೆಂಗ್ಕೊಕ್’ ಎಂಬ ಸಾಮೂಹಿಕ ಜಮೀನನ್ನು ಉಳಲು ಬಿಟ್ಟುಕೊಡುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ಶಾನುಭೋಗಿಕೆ, ಪಟೇಲಿಕೆ, ತೋಟಿ ಇನಾಮುಗಳ ಕಥೆಗಳನ್ನು ಹಿರಿಯರಿಂದ ಕೇಳಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಆ ಉಂಬಳಿಗಳು ರದ್ದಾದವು. ಅವರಲ್ಲಿ ಗ್ರಾಮದ ಸ್ವಂತ ಭೂಮಿ ಇಂದಿಗೂ ಗ್ರಾಮದ ಆಸ್ತಿಯಾಗಿ ಉಳಿದಿದೆ. ಈ ಒಂದು ವ್ಯತ್ಯಾಸವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಗ್ರಾಮೋದ್ಯಮದ ಮಾತು ಬರುವಾಗ ಅದರ ಮಹತ್ವ ತಿಳಿಯುತ್ತದೆ.

ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಸುಹಾರ್ತೊ ಅವರ ಆಳ್ವಿಕೆಯಲ್ಲಿ 1979ರ 5ನೇ ಸಂಖ್ಯೆಯ ಕಾನೂನು ದೇಶದ ಎಲ್ಲಾ ಗ್ರಾಮಗಳನ್ನೂ ಜಾವಾ ಗ್ರಾಮದ ಒಂದೇ ಅಚ್ಚಿಗೆ ಒಗ್ಗಿಸಿತು. ಪಶ್ಚಿಮ ಸುಮಾತ್ರದ ‘ನಗಾರಿ’ ಎಂಬ ಪ್ರಾಚೀನ ಗ್ರಾಮಸಂಸ್ಥೆಗಳು ಇದರಿಂದ ಒಡೆದು ಹೋದವು. ಯೋಜನೆ ಜಕಾರ್ತದಲ್ಲಿ ತಯಾರಾಗಿ ಕೆಳಗಿಳಿಯುತ್ತಿತ್ತು. ಗ್ರಾಮದ ಕೆಲಸ ಅದಕ್ಕೆ ಸಹಿ ಹಾಕುವುದಷ್ಟೇ. 1998ರಲ್ಲಿ ಆ ಆಳ್ವಿಕೆ ಕುಸಿಯಿತು. 1999ರಲ್ಲಿ ಎರಡು ಕಾನೂನುಗಳು ಬಂದು, 2001ರ ಜನವರಿ 1ರಿಂದ ಜಾರಿಗೊಂಡವು. ಒಂದೇ ದಿನದಲ್ಲಿ ಶಿಕ್ಷಣ, ಆರೋಗ್ಯ, ಲೋಕೋಪಯೋಗಿ ಮೊದಲಾದ ಇಲಾಖೆಗಳ ಹೊಣೆಯೂ ಸುಮಾರು 20 ಲಕ್ಷ ನೌಕರರೂ ಜಿಲ್ಲೆ ಮತ್ತು ನಗರಗಳ ಆಡಳಿತಕ್ಕೆ ವರ್ಗವಾದರು. ಪ್ರಾಂತಗಳಿಗೆ ಹೆಚ್ಚು ಅಧಿಕಾರ ಕೊಟ್ಟರೆ ಪ್ರತ್ಯೇಕತೆಯ ಕೂಗು ಏಳಬಹುದೆಂಬ ಶಂಕೆಯಿಂದ ಅವುಗಳನ್ನು ದಾಟಿ ಜಿಲ್ಲೆಗಳಿಗೇ ಅಧಿಕಾರ ನೀಡಲಾಯಿತು. ಪಶ್ಚಿಮ ಸುಮಾತ್ರ ತನ್ನ ನಗಾರಿಗಳಿಗೆ ಮರಳಿತು. ಸುಮಾರು 300ರಷ್ಟಿದ್ದ ಜಿಲ್ಲೆ, ನಗರಗಳ ಸಂಖ್ಯೆ ಮುಂದಿನ ದಶಕದಲ್ಲಿ 500 ಮೀರಿತು. ಹೊಸ ಜಿಲ್ಲೆಯೆಂದರೆ ಹೊಸ ಕಚೇರಿ, ಹೊಸ ಕಟ್ಟಡ, ಹೊಸ ಹುದ್ದೆ. ಈ ಆಕರ್ಷಣೆ ಎಲ್ಲ ದೇಶಗಳಲ್ಲೂ ಒಂದೇ.

ಈಗ ಯೋಜನೆಯ ವಿಷಯಕ್ಕೆ ಬರುತ್ತೇನೆ. ರಾಷ್ಟ್ರೀಯ ಅಭಿವೃದ್ಧಿ ಯೋಜನಾ ವ್ಯವಸ್ಥೆಯ ಕುರಿತ 2004ರ ಕಾನೂನಿನಂತೆ ಅಲ್ಲಿ ಪ್ರತಿವರ್ಷ ‘ಮುಸ್ರೆನ್‌ಬಾಂಗ್’ ಎಂಬ ಸಭಾಸರಣಿ ನಡೆಯುತ್ತದೆ. ಅಭಿವೃದ್ಧಿ ಯೋಜನೆಗಾಗಿ ಸಮಾಲೋಚನೆ ಎಂಬುದು ಅದರ ಅರ್ಥ. ಜನವರಿಯ ಸುಮಾರಿಗೆ ಗ್ರಾಮದಲ್ಲಿ, ಫೆಬ್ರವರಿಯಲ್ಲಿ ನಮ್ಮ ಹೋಬಳಿ ಅಥವಾ ತಾಲ್ಲೂಕಿಗೆ ಸಮನಾದ ‘ಕೆಚಮಾತನ್’ನಲ್ಲಿ, ಮಾರ್ಚಿಯಲ್ಲಿ ಜಿಲ್ಲೆಯಲ್ಲಿ. ಗ್ರಾಮಸ್ಥರು ಕುಳಿತು ರಸ್ತೆ, ಚರಂಡಿ, ಕಾಲುವೆ, ಶಾಲೆಯ ಮೇಲ್ಛಾವಣಿ ಎಂದು ಬರೆಸುತ್ತಾರೆ. ಆ ಪಟ್ಟಿ ಮೇಲಕ್ಕೆ ಹೋಗುತ್ತದೆ. ಮೇಲೆ ಇಲಾಖೆಗಳ ಪಟ್ಟಿ, ಜನಪ್ರತಿನಿಧಿಗಳ ಪಟ್ಟಿ ಮೊದಲೇ ಸಿದ್ಧವಿರುತ್ತವೆ. ವರ್ಷದ ಕೊನೆಯಲ್ಲಿ ಆಯವ್ಯಯ ಹೊರಬಂದಾಗ ಗ್ರಾಮ ಕೇಳಿದ್ದರಲ್ಲಿ ಸ್ವಲ್ಪವೇ ಉಳಿದಿರುತ್ತದೆ. ಹೀಗೆ ಹತ್ತು ವರ್ಷ ನಡೆದ ಮೇಲೆ ಅಲ್ಲಿನ ವಿಮರ್ಶಕರು ಈ ಸಭೆಗಳನ್ನು ‘ಅಂಗಡಿ ಚೀಟಿ ಬರೆಯುವ ಸಭೆ’ ಎಂಬರ್ಥದಲ್ಲಿ ಟೀಕಿಸತೊಡಗಿದರು. ವಾರ್ಡ್ ಸಭೆಯಲ್ಲಿ ನಾವು ಬರೆದುಕೊಳ್ಳುವ ಬೇಡಿಕೆಗಳು ನಿಮ್ಮ ಕಣ್ಣ ಮುಂದೆ ಬಂದಿರಬೇಕು. ಹಣವೆಷ್ಟು ಎಂದು ತಿಳಿಯದೆ ಬರೆದ ಪಟ್ಟಿಯಲ್ಲಿ ಯಾರೂ ಯಾವುದನ್ನೂ ಬಿಟ್ಟುಕೊಡಬೇಕಾಗಿಲ್ಲ; ಬಿಟ್ಟುಕೊಡಬೇಕಾಗಿಲ್ಲದ ಕಡೆ ಆಯ್ಕೆಯಿಲ್ಲ; ಆಯ್ಕೆಯಿಲ್ಲದ ಬರಹವನ್ನು ಯೋಜನೆಯೆಂದು ಕರೆಯುವುದು ಕಷ್ಟ. ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇದೇ ಆಗಿದೆ. ಉಳಿದುದೆಲ್ಲ ಇದರ ವಿವರಣೆ.

ಈ ಸ್ಥಿತಿಯನ್ನು ಬದಲಿಸಿದ್ದು 2014ರ 6ನೇ ಸಂಖ್ಯೆಯ ಗ್ರಾಮ ಕಾನೂನು. ಅದು ಎರಡು ಮೂಲಗಳಿಂದ ಗ್ರಾಮಕ್ಕೆ ಹಣ ಬರುವುದನ್ನು ಕಡ್ಡಾಯಗೊಳಿಸಿತು. ಮೊದಲನೆಯದು ಕೇಂದ್ರದ ಆಯವ್ಯಯದಿಂದ ಬರುವ ದಾನಾ ದೇಸಾ. ಎರಡನೆಯದು, ಜಿಲ್ಲೆಗೆ ಕೇಂದ್ರದಿಂದ ದೊರೆಯುವ ಸಮತೋಲನ ನಿಧಿಯಲ್ಲಿ ನಿರ್ದಿಷ್ಟ ಉದ್ದೇಶದ ಅನುದಾನವನ್ನು ಕಳೆದು ಉಳಿದದ್ದರಲ್ಲಿ ಕನಿಷ್ಠ ಶೇ. 10ರಷ್ಟು ಗ್ರಾಮಗಳಿಗೆ ಹಂಚಬೇಕೆಂಬ ನಿಯಮ. 2015ರಲ್ಲಿ ದಾನಾ ದೇಸಾ ಮೊತ್ತ ಸುಮಾರು 20.7 ಲಕ್ಷ ಕೋಟಿ ರೂಪಾಯಾ ಇದ್ದದ್ದು 2017ರಲ್ಲಿ 60 ಲಕ್ಷ ಕೋಟಿಗೂ 2020ರಲ್ಲಿ 72 ಲಕ್ಷ ಕೋಟಿಗೂ ಏರಿತು. ಅಂಕಿಗಳನ್ನು ಕೇಳಿ ಗಾಬರಿಯಾಗಬೇಡಿ. ಅವರ ಸುಮಾರು 200 ರೂಪಾಯಾ ನಮ್ಮ ಒಂದು ರೂಪಾಯಿಗೆ ಸಮ. ಗ್ರಾಮವೊಂದಕ್ಕೆ ಸರಾಸರಿಯಾಗಿ 2015ರಲ್ಲಿ 28 ಕೋಟಿ ರೂಪಾಯಾ, 2020ರಲ್ಲಿ 96 ಕೋಟಿ ರೂಪಾಯಾ ದೊರೆಯಿತು. ಎರಡನೆಯದು ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿಯ ಆಸುಪಾಸು. 2020ರಿಂದ ಈ ಹಣ ಜಿಲ್ಲೆಯ ಖಾತೆಯಲ್ಲಿ ತಂಗದೆ ಕೇಂದ್ರದ ಖಜಾನೆಯಿಂದ ನೇರವಾಗಿ ಗ್ರಾಮದ ಖಾತೆಗೆ ಜಮೆಯಾಗುವ ವ್ಯವಸ್ಥೆಯೂ ಬಂತು.

ಮೊತ್ತ ದೊಡ್ಡದಾಗಿದ್ದಕ್ಕಿಂತ ಹೆಚ್ಚಾಗಿ ಮೊತ್ತ ಮೊದಲೇ ತಿಳಿದದ್ದರ ಪರಿಣಾಮ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಇಷ್ಟೇ ಹಣ, ಇಷ್ಟರಲ್ಲೇ ಮುಗಿಯಬೇಕು ಎಂದಾಗ ಗ್ರಾಮಸಭೆಯ ಮಾತಿನ ಧಾಟಿ ಬದಲಾಗುತ್ತದೆ. ಮೇಲಿನ ಕೇರಿಯ ರಸ್ತೆಯೋ ಕೆಳಗಿನ ಕೇರಿಯ ಕಾಲುವೆಯೋ ಎಂಬ ಪ್ರಶ್ನೆ ಎದುರಾಗುತ್ತದೆ, ಜಗಳವೂ ಆಗುತ್ತದೆ. ಆ ಜಗಳವೇ ಯೋಜನೆಯ ಆರಂಭ. ಇಂಡೋನೇಷ್ಯಾದ ಅನೇಕ ಗ್ರಾಮಗಳಲ್ಲಿ ವರ್ಷದ ಆಯವ್ಯಯವನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಮುದ್ರಿಸಿ ಗ್ರಾಮ ಕಚೇರಿಯ ಮುಂದೆ, ನಾಲ್ಕು ರಸ್ತೆ ಕೂಡುವಲ್ಲಿ ಕಟ್ಟುವ ಪದ್ಧತಿ ಬೆಳೆದಿದೆ. ನಮ್ಮಲ್ಲಿಯೂ ಗೋಡೆ ಬರಹಗಳಿವೆ. ಆದರೆ ನಮ್ಮ ಗೋಡೆಯಲ್ಲಿ ಬಹುಪಾಲು ಮುಗಿದ ಕಾಮಗಾರಿಯ ವಿವರವಿರುತ್ತದೆ. ಅವರು ಹಾಕುವುದು ಇನ್ನೂ ಖರ್ಚಾಗದ ಹಣದ ವಿವರ. ಪ್ರಶ್ನೆ ಕೇಳಲು ಎರಡನೆಯದೇ ಅನುಕೂಲ.

ಹಂಚಿಕೆಯ ಸೂತ್ರದಲ್ಲಿ ಒಂದು ದೋಷವೂ ಇತ್ತು. ಮೊದಲ ವರ್ಷಗಳಲ್ಲಿ ಶೇ. 90 ಭಾಗವನ್ನು ಎಲ್ಲಾ ಗ್ರಾಮಗಳಿಗೂ ಸಮವಾಗಿ ಹಂಚಿ, ಉಳಿದ ಶೇ. 10 ಭಾಗವನ್ನು ಮಾತ್ರ ಜನಸಂಖ್ಯೆ, ಬಡತನ, ವಿಸ್ತೀರ್ಣ, ದುರ್ಗಮತೆಗಳ ಆಧಾರದಲ್ಲಿ ನೀಡಲಾಯಿತು. ಇದರಿಂದ ಐನೂರು ಜನರ ಗ್ರಾಮಕ್ಕೂ ಐದು ಸಾವಿರ ಜನರ ಗ್ರಾಮಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. 2018ರಲ್ಲಿ ಸಮಪಾಲನ್ನು ಶೇ. 77ಕ್ಕೆ ಇಳಿಸಿದರು. ಸಮಪಾಲು ಹೆಚ್ಚಿದ್ದಷ್ಟೂ ಗ್ರಾಮವನ್ನು ಒಡೆಯುವ ಆಸೆಯೂ ಹೆಚ್ಚು. 2019ರಲ್ಲಿ ಆಗ್ನೇಯ ಸುಲಾವೆಸಿಯ ಕೊನಾವೆ ಜಿಲ್ಲೆಯಲ್ಲಿ ಜನವಸತಿಯೇ ಇಲ್ಲದ ಗ್ರಾಮಗಳ ಹೆಸರಿನಲ್ಲಿ ಅನುದಾನ ಪಡೆದ ಪ್ರಕರಣ ರಾಷ್ಟ್ರಮಟ್ಟದ ಸುದ್ದಿಯಾಯಿತು.

ಇನ್ನೊಂದು ತೊಡಕು ನಮಗೆ ಇನ್ನಷ್ಟು ಪರಿಚಿತ. ಕೋವಿಡ್ ನಂತರ 2022ರ ಸಾಲಿಗೆ ಕೇಂದ್ರ ಸರ್ಕಾರವು ದಾನಾ ದೇಸಾದಲ್ಲಿ ಕನಿಷ್ಠ ಶೇ. 40 ಭಾಗ ನಗದು ನೆರವಿಗೆ, ಶೇ. 20 ಆಹಾರ ಭದ್ರತೆಗೆ, ಶೇ. 8 ಕೋವಿಡ್ ನಿರ್ವಹಣೆಗೆ ಎಂದು ನಿಗದಿಪಡಿಸಿತು. ಗ್ರಾಮದ ತೀರ್ಮಾನಕ್ಕೆ ಉಳಿದದ್ದು ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಗ್ರಾಮ ಮುಖ್ಯಸ್ಥರು ಜಕಾರ್ತಕ್ಕೆ ಹೋಗಿ ಪ್ರತಿಭಟಿಸಿದರು. ಬಡ ಕುಟುಂಬಕ್ಕೆ ನಗದು ತಲುಪಿಸುವುದು ಆ ದಿನಗಳಲ್ಲಿ ಅಗತ್ಯವಾಗಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೇಲೆ ನಿಗದಿಯಾದ ಭಾಗ ಹೆಚ್ಚುತ್ತ ಹೋದಂತೆ ಗ್ರಾಮ ಸಭೆ ಮತ್ತೆ ಸಹಿ ಹಾಕುವ ಸಭೆಯಾಗುತ್ತದೆ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಪಾಡಿನಡಿ ಬಳಸಿ, ಉಳಿದ ಶೇ. 40ರಲ್ಲಿ ಊರಿನ ಎಲ್ಲಾ ಆಸೆಗಳನ್ನೂ ಹೊಂದಿಸಲು ಕುಳಿತಿದ್ದ ತಮಗೆ ಅವರ ಸಂಕಟ ಅರ್ಥವಾಗುತ್ತದೆ.

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವಳು. ಆದ್ದರಿಂದ ಇಂಡೋನೇಷ್ಯಾದ ಬಗ್ಗೆ ಓದಿದ್ದರಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಕಾನೂನುಗಳಲ್ಲ, ರಸ್ತೆ ಅಗೆದು ನೋಡಿದ ಒಂದು ಅಧ್ಯಯನ. ಗ್ರಾಮ ಕಾನೂನಿಗೂ ಮೊದಲು, 1998ರಿಂದ, ಅಲ್ಲಿ ‘ಕೆಚಮಾತನ್ ಅಭಿವೃದ್ಧಿ ಕಾರ್ಯಕ್ರಮ’ ನಡೆಯುತ್ತಿತ್ತು. ಇಂಗ್ಲಿಷಿನಲ್ಲಿ ಅದರ ಸಂಕ್ಷೇಪ ಹೆಸರು ಕೆ.ಡಿ.ಪಿ. (ನಮ್ಮ ಕೆ.ಡಿ.ಪಿ. ಸಭೆಗಳಿಗೂ ಅದಕ್ಕೂ ಸಂಬಂಧವಿಲ್ಲ; ಆದರೆ ಆ ಅಕ್ಷರಗಳನ್ನು ಕಂಡೊಡನೆ ಬೆನ್ನು ನೆಟ್ಟಗಾಗುವುದು ನಮ್ಮ ವೃತ್ತಿಯ ಅಭ್ಯಾಸ.) ಆ ಕಾರ್ಯಕ್ರಮದಡಿ ಗ್ರಾಮಗಳೇ ಹಣ ಪಡೆದು, ಗ್ರಾಮಸ್ಥರನ್ನೇ ಕೂಲಿಗೆ ಹಚ್ಚಿ, ಮರಳು, ಜಲ್ಲಿ, ದಪ್ಪ ಕಲ್ಲುಗಳ ರಸ್ತೆ ನಿರ್ಮಿಸುತ್ತಿದ್ದವು. ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ ಅವರು ಪೂರ್ವ ಜಾವಾ ಮತ್ತು ಮಧ್ಯ ಜಾವಾದ 608 ಗ್ರಾಮಗಳಲ್ಲಿ ಇಂತಹ ರಸ್ತೆಗಳನ್ನು ಪರೀಕ್ಷಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು.

ವಿಧಾನ ಸರಳ. ರಸ್ತೆ ಮುಗಿದ ಮೇಲೆ ಎಂಜಿನಿಯರುಗಳ ತಂಡ ಬಂದು ರಸ್ತೆಯನ್ನು ಅಲ್ಲಲ್ಲಿ ಕೊರೆದು ಪದರಗಳ ದಪ್ಪ ಅಳೆದರು. ನೆಲದಲ್ಲಿರುವ ಮರಳು ಎಷ್ಟು, ಕಲ್ಲು ಎಷ್ಟು ಎಂದು ಲೆಕ್ಕ ಹಾಕಿದರು. ಸುತ್ತಮುತ್ತಲ ಸರಬರಾಜುದಾರರಿಂದ ನಿಜವಾದ ದರ ವಿಚಾರಿಸಿದರು. ಕೆಲಸ ಮಾಡಿದವರಿಂದ ಕೂಲಿಯ ವಿವರ ಪಡೆದರು. ಕೆಲಸದ ವೇಳೆಯಲ್ಲಿ ಸಹಜವಾಗಿಯೇ ನಷ್ಟವಾಗುವ ಸಾಮಗ್ರಿಯ ಪ್ರಮಾಣ ತಿಳಿಯಲು ತಾವೇ ಸಣ್ಣ ಮಾದರಿ ರಸ್ತೆಗಳನ್ನು ನಿರ್ಮಿಸಿ, ಅವನ್ನೂ ಅಗೆದು ಅಳೆದರು. ಈ ಕೊನೆಯ ಅಂಶ ನನಗೆ ಬಹಳ ಹಿಡಿಸಿತು. ಕಳ್ಳತನವನ್ನೂ ಸಹಜ ನಷ್ಟವನ್ನೂ ಬೇರ್ಪಡಿಸುವ ನ್ಯಾಯಬುದ್ಧಿ ಅದರಲ್ಲಿದೆ. ಲೆಕ್ಕಪತ್ರದಲ್ಲಿ ತೋರಿಸಿದ ಖರ್ಚಿಗೂ ನೆಲದಲ್ಲಿ ಕಂಡುಬಂದ ಖರ್ಚಿಗೂ ಇದ್ದ ಅಂತರ ಸರಾಸರಿ ನಾಲ್ಕನೆಯ ಒಂದು ಭಾಗದಷ್ಟಿತ್ತು.

ಈ ಗ್ರಾಮಗಳಲ್ಲಿ ಕೆಲವನ್ನು ಆರಿಸಿ, ಕಾಮಗಾರಿ ಆರಂಭವಾಗುವ ಮೊದಲೇ, ನಿಮ್ಮಲ್ಲಿ ಸರ್ಕಾರಿ ಲೆಕ್ಕ ಪರಿಶೋಧನೆ ಖಚಿತವಾಗಿ ನಡೆಯುತ್ತದೆ, ಅದರ ವರದಿಯನ್ನು ಗ್ರಾಮದ ಬಹಿರಂಗ ಸಭೆಯಲ್ಲಿ ಓದಲಾಗುತ್ತದೆ ಎಂದು ತಿಳಿಸಲಾಗಿತ್ತು. ಸಾಮಾನ್ಯವಾಗಿ ಅಂತಹ ಪರಿಶೋಧನೆಯ ಸಾಧ್ಯತೆ ಶೇ. 4 ಮಾತ್ರ. ಕೆಲವು ಗ್ರಾಮಗಳಲ್ಲಿ ನೂರಾರು ಆಹ್ವಾನ ಪತ್ರ ಹಂಚಿ ಹೊಣೆಗಾರಿಕೆ ಸಭೆಗಳಿಗೆ ಹೆಚ್ಚು ಜನರನ್ನು ಸೇರಿಸಲಾಯಿತು. ಹೆಸರು ಬರೆಯದೆ ಅಭಿಪ್ರಾಯ ತಿಳಿಸುವ ನಮೂನೆಗಳನ್ನೂ ಹಂಚಲಾಯಿತು. ಪರಿಶೋಧನೆ ಖಚಿತವಿದ್ದ ಗ್ರಾಮಗಳಲ್ಲಿ ಕಾಣೆಯಾದ ಹಣ ಸುಮಾರು 8 ಶೇಕಡಾ ಅಂಶಗಳಷ್ಟು ಕಡಿಮೆಯಾಯಿತು. ಜನರನ್ನು ಹೆಚ್ಚು ಸೇರಿಸಿದ ಗ್ರಾಮಗಳಲ್ಲಿ ಸಭೆ ತುಂಬಿತು, ಮಾತು ಹೆಚ್ಚಿತು; ಒಟ್ಟು ಹಣದ ಲೆಕ್ಕದಲ್ಲಿ ಆದ ಬದಲಾವಣೆ ಅಲ್ಪ. ಕೂಲಿ ಹಣದ ಸೋರಿಕೆ ತಗ್ಗಿತು, ಸಾಮಗ್ರಿಯ ಸೋರಿಕೆ ತಗ್ಗಲಿಲ್ಲ.

ಇದರ ಕಾರಣ ಯೋಚಿಸಿದರೆ ಸ್ಪಷ್ಟವಾಗಿದೆ. ತನ್ನ ಕೂಲಿ ಬಂದಿಲ್ಲವೆಂದರೆ ಕೂಲಿಕಾರನು ಸಭೆಯಲ್ಲಿ ಎದ್ದು ನಿಲ್ಲುತ್ತಾನೆ. ಅದು ಅವನ ಸ್ವಂತ ಹಣ. ಮರಳಿನ ಪದರ ಹದಿನೈದು ಸೆಂಟಿಮೀಟರ್ ಇರಬೇಕಾದಲ್ಲಿ ಹತ್ತು ಇದ್ದರೆ ಅದು ಯಾರ ಹಣ? ಎಲ್ಲರದು, ಆದ್ದರಿಂದ ಯಾರೂ ಕೇಳುವುದಿಲ್ಲ. ಕೇಳಬೇಕೆಂದರೂ ಅಳೆಯುವ ಬಗೆ ತಿಳಿಯದು. ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನಾ ಸಭೆಗಳಲ್ಲಿ ಯಾವ ಪ್ರಶ್ನೆಗೆ ದನಿ ಏರುತ್ತದೆ, ಯಾವ ಪ್ರಶ್ನೆ ಎದ್ದೇಳುವುದೇ ಇಲ್ಲ ಎಂಬುದನ್ನು ತಾವೆಲ್ಲ ಬಲ್ಲಿರಿ. ಜನರ ಭಾಗವಹಿಸುವಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಅಳತೆ ಪುಸ್ತಕದ ಹೊಣೆಯನ್ನು ಗ್ರಾಮಸಭೆಯ ತಲೆಗೆ ಕಟ್ಟಿ ನಾವು ನಿಶ್ಚಿಂತರಾಗುವಂತಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ನಮ್ಮ ಜಮಾಬಂದಿಯ ದಿನ ಕಡತ ನೋಡುವುದರೊಂದಿಗೆ ಒಂದೆರಡು ಕಾಂಕ್ರೀಟ್ ರಸ್ತೆಗಳನ್ನು ಕೊರೆದು, ದಪ್ಪವನ್ನು ಊರ ಮುಂದೆ ಓದಿ ಹೇಳಬಹುದಲ್ಲವೇ? ಪರಿಶೋಧನೆ ಪೂರ್ಣ ಮದ್ದೇನೂ ಅಲ್ಲ. ಅದೇ ಅಧ್ಯಯನದಲ್ಲಿ, ಪರಿಶೋಧನೆಗೊಳಪಟ್ಟ ಗ್ರಾಮಗಳಲ್ಲಿ ಹಣದ ಸೋರಿಕೆ ತಗ್ಗಿದಂತೆ, ಕಾಮಗಾರಿಯ ಉಸ್ತುವಾರಿ ಹೊತ್ತವರ ಬಂಧುಗಳಿಗೆ ಕೆಲಸ ಸಿಗುವುದು ಹೆಚ್ಚಾದದ್ದೂ ಕಂಡುಬಂದಿದೆ. ಒಂದು ಬಾಗಿಲು ಮುಚ್ಚಿದರೆ ನೀರು ಇನ್ನೊಂದು ಸಂದು ಹುಡುಕುತ್ತದೆ.

ಇನ್ನು ಸ್ಥಳೀಯ ಆರ್ಥಿಕತೆ. ದಾನಾ ದೇಸಾದ ಮೊದಲ ವರ್ಷಗಳಲ್ಲಿ ಹಣ ಬಹುಪಾಲು ರಸ್ತೆಗೆ ಹೋಯಿತು. ಕೆಲವೇ ವರ್ಷಗಳಲ್ಲಿ ನಿರ್ಮಾಣವಾದ ಗ್ರಾಮ ರಸ್ತೆಗಳ ಉದ್ದ ಒಂದು ಲಕ್ಷ ಕಿಲೋಮೀಟರನ್ನು ಮೀರಿತು. ರಸ್ತೆಯಾದ ಮೇಲೆ ಮುಂದೇನು? ಇದಕ್ಕೆ ಅಲ್ಲಿನ ಉತ್ತರ ‘ಬುಮ್‌ದೇಸ್’ ಎಂಬ ಗ್ರಾಮ ಸ್ವಾಮ್ಯದ ಉದ್ಯಮ. ಗ್ರಾಮವೇ ಬಂಡವಾಳ ಹೂಡಿ, ಗ್ರಾಮದ ಆಸ್ತಿಯನ್ನು ಬಳಸಿ ವ್ಯವಹಾರ ನಡೆಸುವುದು. ಲಾಭದ ಒಂದು ಪಾಲು ಗ್ರಾಮದ ಸ್ವಂತ ಆದಾಯವಾಗಿ ಆಯವ್ಯಯಕ್ಕೆ ಸೇರುವುದು. 2020ರ ಕಾನೂನು ಹಾಗೂ 2021ರ ಸರ್ಕಾರಿ ನಿಯಮಾವಳಿಯ ಮೂಲಕ ಈ ಸಂಸ್ಥೆಗಳಿಗೆ ಸ್ವತಂತ್ರ ಕಾನೂನುಬದ್ಧ ಅಸ್ತಿತ್ವವೂ ಬಂತು; ಬ್ಯಾಂಕಿನಿಂದ ಸಾಲ ಪಡೆಯುವುದು, ಕರಾರು ಮಾಡಿಕೊಳ್ಳುವುದು ಸುಲಭವಾಯಿತು.

ಮಧ್ಯ ಜಾವಾದ ಕ್ಲಾಟೆನ್ ಜಿಲ್ಲೆಯ ಪೊಂಗ್ಗೋಕ್ ಗ್ರಾಮ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಒಂದು ಕಾಲದಲ್ಲಿ ಅದು ಹಿಂದುಳಿದ ಗ್ರಾಮಗಳ ಸರ್ಕಾರಿ ಪಟ್ಟಿಯಲ್ಲಿತ್ತು. ಊರಲ್ಲಿ ಸ್ವಚ್ಛ ನೀರಿನ ಚಿಲುಮೆಗಳಿದ್ದವು. ಬಟ್ಟೆ ಒಗೆಯಲು, ಗದ್ದೆಗೆ ಹಾಯಿಸಲು, ಮೀನು ಸಾಕಲು ಅವು ಬಳಕೆಯಾಗುತ್ತಿದ್ದವು. ಗ್ರಾಮ ಮುಖ್ಯಸ್ಥ ಜುನೈಧಿ ಮುಲ್ಯೊನೊ ಅವರ ಕಾಲದಲ್ಲಿ ಊರಿನ ಸಂಪನ್ಮೂಲಗಳ ನಕ್ಷೆ ತಯಾರಾಯಿತು. ನೀರಿಗಿಂತ ದೊಡ್ಡ ಆಸ್ತಿ ಊರಿಗಿಲ್ಲ ಎಂಬುದು ಸ್ಪಷ್ಟವಾಯಿತು. 2009ರಲ್ಲಿ ‘ತೀರ್ತಾ ಮಂದಿರಿ’ ಎಂಬ ಗ್ರಾಮೋದ್ಯಮ ಸ್ಥಾಪನೆಯಾಯಿತು (ತೀರ್ತಾ ಎಂದರೆ ತೀರ್ಥ, ನೀರು). ಗ್ರಾಮದ ಕೊಳವನ್ನು ಈಜಿನ ತಾಣವಾಗಿಸಿದರು. ತಳದ ಮರಳು, ಕಲ್ಲುಗಳೆಲ್ಲ ಕಾಣುವಷ್ಟು ತಿಳಿಯಾದ ಆ ನೀರಿನೊಳಗೆ ಹಳೆಯ ಮೋಟರ್ ಸೈಕಲ್, ಬೆಂಚು, ದೂರದರ್ಶನ ಪೆಟ್ಟಿಗೆ ಇಳಿಸಿ, ಮೀನುಗಳ ನಡುವೆ ಕುಳಿತು ಛಾಯಾಚಿತ್ರ ತೆಗೆಸಿಕೊಳ್ಳುವ ಏರ್ಪಾಡು ಮಾಡಿದರು. ಸಾಮಾಜಿಕ ಜಾಲತಾಣಗಳ ಕಾಲ. ಚಿತ್ರಗಳು ಹರಡಿದವು, ಜನ ಬಂದರು. 2017ರ ಹೊತ್ತಿಗೆ ಉದ್ಯಮದ ವಾರ್ಷಿಕ ವಹಿವಾಟು 1,000 ಕೋಟಿ ರೂಪಾಯಾ, ಅಂದರೆ ನಮ್ಮ ಸುಮಾರು 5 ಕೋಟಿ ರೂಪಾಯಿಯನ್ನು ದಾಟಿತ್ತು. ಗ್ರಾಮಸ್ಥರೂ ಪಾಲುಬಂಡವಾಳ ಹೂಡಿ ಲಾಭಾಂಶ ಪಡೆದರು. ಗ್ರಾಮದ ಪಾಲಿನಿಂದ ‘ಒಂದು ಮನೆ, ಒಬ್ಬ ಪದವೀಧರ’ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ನೆರವು ದೊರೆಯಿತು.

ಗಮನಿಸಬೇಕಾದದ್ದೊಂದಿದೆ. ಪೊಂಗ್ಗೋಕ್ ಉದ್ಯಮ ಆರಂಭವಾದದ್ದು 2009ರಲ್ಲಿ. ಗ್ರಾಮ ಕಾನೂನು ಬಂದದ್ದು 2014ರಲ್ಲಿ. ಹಣ ಬಂದಿತೆಂದು ಉದ್ಯಮ ಹುಡುಕಿದವರಲ್ಲ ಅವರು. ಕಾನೂನಿನ ನಂತರ ಸಾವಿರಾರು ಗ್ರಾಮಗಳು ಬುಮ್‌ದೇಸ್ ಸ್ಥಾಪಿಸಿದವು. ಸ್ಥಾಪಿಸಿದ ಸಂಖ್ಯೆಯೇ ಸಾಧನೆಯೆಂದು ವರದಿಯಾಯಿತು. ನೀರಿಲ್ಲದ ಊರು ಕೊಳ ಕಟ್ಟಿತು, ನೋಟವಿಲ್ಲದ ಊರು ಛಾಯಾಚಿತ್ರದ ಕಟ್ಟೆ ಕಟ್ಟಿತು. 2019ರ ಡಿಸೆಂಬರಿನಲ್ಲಿ ಸ್ವತಃ ರಾಷ್ಟ್ರಾಧ್ಯಕ್ಷರೇ 2,188 ಗ್ರಾಮೋದ್ಯಮಗಳು ಸ್ಥಗಿತವಾಗಿವೆಯೆಂದೂ, ನಡೆಯುತ್ತಿರುವವುಗಳಲ್ಲಿ 1,670 ಗ್ರಾಮಕ್ಕೆ ಏನೂ ಆದಾಯ ಕೊಡುತ್ತಿಲ್ಲವೆಂದೂ ಹೇಳಿದರು. ಗುರಿ ನಿಗದಿಪಡಿಸಿ, ನಮೂನೆ ಕಳುಹಿಸಿ, ಮಾಸಾಂತ್ಯದೊಳಗೆ ಪ್ರಗತಿ ಕೇಳಿದರೆ ಉದ್ಯಮಗಳು ಕಾಗದದ ಮೇಲೆ ಹುಟ್ಟುತ್ತವೆ. ಇದನ್ನು ಹೇಳುವಾಗ ನಾನು ಯಾವ ದೇಶದ ಕುರಿತು ಹೇಳುತ್ತಿದ್ದೇನೆಂಬ ಅನುಮಾನ ಕೆಲವರಿಗೆ ಬಂದಂತಿದೆ.

ನಗರದ ಒಂದು ಸಂಗತಿಯನ್ನು ಬಿಡುವಂತಿಲ್ಲ. ಮಧ್ಯ ಜಾವಾದ ಸುರಕರ್ತ ನಗರದ ಬಂಜಾರ್‌ಸಾರಿ ಉದ್ಯಾನವನ್ನು ಬೀದಿ ವ್ಯಾಪಾರಿಗಳು ತುಂಬಿಕೊಂಡಿದ್ದರು. ಹಿಂದಿನ ಆಡಳಿತಗಳ ತೆರವು ಪ್ರಯತ್ನಗಳು ಫಲಿಸಿರಲಿಲ್ಲ. 2005ರಲ್ಲಿ ಮೇಯರ್ ಆದ ಜೋಕೊ ವಿದೋದೊ, ಮುಂದೆ ದೇಶದ ರಾಷ್ಟ್ರಾಧ್ಯಕ್ಷರಾದವರು, ವ್ಯಾಪಾರಿಗಳ ಮುಖಂಡರನ್ನು ತಮ್ಮ ಮನೆಗೆ ಊಟಕ್ಕೆ ಕರೆದರು. ಸ್ಥಳಾಂತರದ ಮಾತೆತ್ತದೆ ಉಣಿಸಿ ಕಳುಹಿಸಿದರು. ಹೀಗೆ 54 ಬಾರಿ ಊಟವಾಯಿತೆಂದು ದಾಖಲೆಯಾಗಿದೆ. ಹೊಸ ಜಾಗದಲ್ಲಿ ಗಿರಾಕಿ ಬರುವುದಿಲ್ಲವೆಂಬುದೇ ವ್ಯಾಪಾರಿಗಳ ಭಯವೆಂದು ತಿಳಿದ ಮೇಲೆ ಹೊಸ ಮಾರುಕಟ್ಟೆಗೆ ರಸ್ತೆ, ಸಾರಿಗೆ, ಪ್ರಚಾರಗಳ ಭರವಸೆ ನೀಡಲಾಯಿತು. ಮಳಿಗೆಗಳನ್ನು ಉಚಿತವಾಗಿ ಕೊಡಲಾಯಿತು. 2006ರ ಜುಲೈನಲ್ಲಿ 989 ವ್ಯಾಪಾರಿಗಳು ಸಾಂಪ್ರದಾಯಿಕ ಉಡುಪು ತೊಟ್ಟು ಮೆರವಣಿಗೆಯಲ್ಲಿ ಹೊಸ ಜಾಗಕ್ಕೆ ಹೋದರು. ಊಟದ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಹಾಕಿದರೋ ಎಂದು ನಮ್ಮ ಲೆಕ್ಕ ಸಹಾಯಕರು ಕೇಳಬಹುದು. ನನಗೆ ಇದರಲ್ಲಿ ಕಾಣುವುದು ಸ್ಥಳ ಯೋಜನೆಯ ಒಂದು ತಾಂತ್ರಿಕ ಸತ್ಯ: ಅಂಗಡಿಯ ಜಾಗವೆಂದರೆ ಇಷ್ಟು ಚದರ ಮೀಟರ್ ಅಲ್ಲ, ಅದರ ಮುಂದೆ ನಡೆದು ಹೋಗುವ ಜನ. ಸಂತೆ ಮೈದಾನವನ್ನು ಊರಿನಿಂದ ಎರಡು ಕಿಲೋಮೀಟರ್ ಆಚೆ ಕಟ್ಟಿ, ಅದು ಖಾಲಿಯುಳಿಯಿತೆಂದು ವ್ಯಾಪಾರಿಗಳನ್ನು ದೂಷಿಸುವುದರಲ್ಲಿ ಅರ್ಥವಿಲ್ಲ.

ನಗರಕ್ಕೂ ಗ್ರಾಮಕ್ಕೂ ನಡುವಿನ ಗೆರೆ ಜಾವಾದಲ್ಲಿ ಬಹಳ ಹಿಂದೆಯೇ ಮಸುಕಾಗಿದೆ. ಗದ್ದೆಯ ಪಕ್ಕ ಕಾರ್ಖಾನೆ, ಅದರ ಪಕ್ಕ ಮನೆ, ಮತ್ತೆ ಗದ್ದೆ. ಭೂಗೋಳಶಾಸ್ತ್ರಜ್ಞ ಟೆರಿ ಮೆಕ್‌ಗೀ ಇಂತಹ ಪ್ರದೇಶಗಳಿಗೆ ಇಂಡೋನೇಷ್ಯಾದ ಮಾತುಗಳನ್ನೇ ಜೋಡಿಸಿ ‘ದೇಸಾಕೋತಾ’ ಎಂದು ಹೆಸರಿಟ್ಟರು. ಕೋತಾ ಎಂದರೆ ನಗರ, ನಮ್ಮ ಕೋಟೆಯ ಬಂಧು. 2007ರ 26ನೇ ಸಂಖ್ಯೆಯ ಸ್ಥಳ ಯೋಜನಾ ಕಾನೂನಿನಂತೆ ರಾಷ್ಟ್ರ, ಪ್ರಾಂತ, ಜಿಲ್ಲೆಗಳಿಗೆ 20 ವರ್ಷಗಳ ಭೂಬಳಕೆ ನಕ್ಷೆಯಿರಬೇಕು. ನಗರದ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 30 ಹಸಿರು ತೆರೆದ ಜಾಗವಿರಬೇಕು. ನಕ್ಷೆ ಜಿಲ್ಲೆಯದು, ಹಣದ ಯೋಜನೆ ಗ್ರಾಮದ್ದು. ಎರಡೂ ಒಂದನ್ನೊಂದು ನೋಡದಿದ್ದರೆ ಗ್ರಾಮ ಕಾಲುವೆ ದುರಸ್ತಿ ಮಾಡಿಸಿದ ಗದ್ದೆಯ ಮೇಲೆಯೇ ಬಡಾವಣೆ ಬರುತ್ತದೆ. ಪಟ್ಟಣದ ಅಂಚಿನಲ್ಲಿರುವ ನಮ್ಮ ಪಂಚಾಯತಿಗಳ ಸಹೋದ್ಯೋಗಿಗಳು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಚರ್ಚೆಯಲ್ಲಿ ಅವರು ಮಾತನಾಡಬೇಕೆಂದು ವಿನಂತಿಸುತ್ತೇನೆ.

ಮಧ್ಯಾಹ್ನದ ಅವಧಿಯ ಕೆಲಸ ಹೀಗಿದೆ. ತಮ್ಮ ಕೈಯಲ್ಲಿ ಎರಡು ಹಾಳೆಗಳಿವೆ. ಮೊದಲನೆಯದರಲ್ಲಿ ಮುಂದಿನ ವರ್ಷ ತಮ್ಮ ಪಂಚಾಯತಿಗೆ ನಿರೀಕ್ಷಿತ ಅನುದಾನ, ಸ್ವಂತ ಕರ ಮತ್ತು ಶುಲ್ಕದ ಅಂದಾಜನ್ನು ಬರೆದು, ಕಟ್ಟುಪಾಡಿನ ಹಣವನ್ನು ಕಳೆದು, ಉಳಿಯುವ ಮೊತ್ತವನ್ನು ದಪ್ಪ ಅಕ್ಷರದಲ್ಲಿ ನಮೂದಿಸಬೇಕು. ವಾರ್ಡ್ ಸಭೆ ಆರಂಭವಾಗುವಾಗ ಮೊದಲು ಓದಬೇಕಾದದ್ದು ಆ ಒಂದು ಅಂಕಿ. ಎರಡನೆಯ ಹಾಳೆಯಲ್ಲಿ ಪಂಚಾಯತಿಯ ಸ್ವತ್ತುಗಳನ್ನು ಬರೆಯಬೇಕು: ಕೆರೆ, ಸಂತೆ ಜಾಗ, ಮಳಿಗೆ, ಹುಣಸೆ ಮರ, ಗೋಮಾಳದ ಅಂಚು, ಬಳಕೆಯಿಲ್ಲದ ಕಟ್ಟಡ. ಪ್ರತಿಯೊಂದರ ಎದುರು ಕಳೆದ ಮೂರು ವರ್ಷಗಳಲ್ಲಿ ಹರಾಜು ಅಥವಾ ಬಾಡಿಗೆಯಿಂದ ಬಂದ ಹಣವನ್ನು ತೋರಿಸಬೇಕು. ಏನೂ ಬಂದಿಲ್ಲದಿದ್ದರೆ ಸೊನ್ನೆಯನ್ನೇ ಬರೆಯಿರಿ, ಖಾಲಿ ಬಿಡಬೇಡಿ. ಎರಡೂವರೆ ಗಂಟೆಗೆ ತಾಲ್ಲೂಕುವಾರು ಗುಂಪುಗಳಲ್ಲಿ ಕುಳಿತುಕೊಳ್ಳೋಣ.